ಗರಿ ಕಿತ್ಕೊಳ್ಳೋ ಕಾನ್ಯೂರ್‌ಗೆ ಆಟ, ಊಟ: ಡಾಕ್ಟರ್ ಮೇಡಂಗೆ ಕೇಳಿ

ಪ್ರಶ್ನೆ (ಶಿಡ್ಲಘಟ್ಟದಿಂದ): ಮೇಡಂ, ನಮಸ್ಕಾರ. ನಮ್ಮನೇಲಿ ಎರಡು ವರ್ಷದ ಸನ್ ಕಾನ್ಯೂರ್ (ಹಳದಿ ಬಣ್ಣದ ಸಣ್ಣ ವಿದೇಶಿ ಗಿಣಿ) ಇದೆ. ಒಂದು ತಿಂಗಳಿಂದ ಎದೆ ಮೇಲಿನ ಪುಕ್ಕ ತಾನೇ ಕಿತ್ಕೊಳ್ತಿದೆ. ನಾನು ಕೆಲಸಕ್ಕೆ ಹೋದ್ರೆ ಬರೋದು ಸಂಜೆ ಐದಕ್ಕೆ. ಮನೇಲಿ ಅತ್ತೆ ಒಬ್ರೇ. ಪಾಪ, ಪ್ರೀತಿಗೆ ಬಟ್ಟಲು ತುಂಬಾ ಸೂರ್ಯಕಾಂತಿ ಬೀಜ ಹಾಕಿಬಿಡ್ತಾರೆ. ಹುಡುಕಿ ತಿನ್ನೋ ಥರ ಆಟಿಕೆ ಮಾಡಿಕೊಡಿ ಅಂತ ಯಾರೋ ಹೇಳಿದ್ರು. ಆನ್‌ಲೈನ್‌ನಲ್ಲಿ ನೋಡಿದ್ರೆ ರೇಟು ಜಾಸ್ತಿ. ನಮ್ಮ ರೇಷ್ಮೆ ಹುಳು ಮನೇಲಿ ಹಳೇ ಬಿದಿರು ಚಂದ್ರಿಕೆ (ಹುಳು ಗೂಡು ಕಟ್ಟೋ ತಟ್ಟೆ) ಬಿದ್ದಿವೆ, ಅದರ ಸಂದಿಯಲ್ಲಿ ಬೀಜ ಸಿಕ್ಕಿಸಿ ಕೊಡಬಹುದಾ? ಊಟಕ್ಕೆ ಏನೇನು ಕಲಸಲಿ?

ಡಾಕ್ಟರ್: ಚಂದ್ರಿಕೆ ಅಂದಿದ್ದು ಓದಿ ಖುಷಿಯಾಯ್ತು. ಸುತ್ತು ಸುತ್ತಾಗಿ ನಿಲ್ಲಿಸಿರೋ ಆ ಬಿದಿರು ಪಟ್ಟಿಗಳ ಮಧ್ಯೆ ಬೀಜ ಹುಡುಕೋದು ಗಿಣಿ ಕೊಕ್ಕಿಗೆ ಹೇಳಿ ಮಾಡಿಸಿದ ಕೆಲಸ. ಆದ್ರೆ ನಿಮ್ಮ ಹುಳು ಮನೇದು ಬೇಡ. ಬೆಳೆ ಬೆಳೆಗೂ ಬ್ಲೀಚಿಂಗ್ ಪೌಡರು, ಫಾರ್ಮಲಿನ್ನು ಕಂಡಿರೋ ಬಿದಿರು ಅದು. ಗಿಣಿ ಬರೀ ಮುಟ್ಟಲ್ಲ, ಅಗಿಯುತ್ತೆ. ಬಿದಿರು ಹೆಣೆಯೋರ ಹತ್ರ ಬಣ್ಣ, ವಾರ್ನಿಷ್ ಹಚ್ಚದ ಸಣ್ಣದೊಂದು ಹೊಸದು ಮಾಡಿಸಿಕೊಳ್ಳಿ.

ಅದಕ್ಕಿಂತ ಮೊದಲು ಒಂದು ವಿಷಯ ನೋಡಿ. ತಲೆ ಮೇಲಿನ ಗರಿ ಸರಿಯಾಗಿದೆಯಾ? ಕೊಕ್ಕು ತಲೆಗೆ ಎಟುಕಲ್ಲ. ಎದೆ ಬೋಳಾಗಿ ತಲೆ ನೆಟ್ಟಗಿದ್ರೆ ತಾನೇ ಕಿತ್ಕೊಳ್ತಿದೆ ಅಂತ ಅರ್ಥ. ತಲೆಯದ್ದೂ ಉದುರ್ತಿದ್ರೆ ರೋಗದ ಅನುಮಾನ ಜಾಸ್ತಿ. ಎರಡರಲ್ಲಿ ಯಾವುದಾದ್ರೂ ಒಮ್ಮೆ ಪಕ್ಷಿ ನೋಡೋ ವೈದ್ಯರಿಗೆ ತೋರಿಸಿ. ಹತ್ತಿರದಲ್ಲಿ ಯಾರೂ ಇಲ್ಲದಿದ್ರೆ ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿದೆ. ಆಟಿಕೆ ಕೊಟ್ಟು ರೋಗ ಮುಚ್ಚಿಡೋದು ಬೇಡ.

ಬೇಜಾರೇ ಕಾರಣ ಅಂತಾದ್ರೆ ಸುಲಭ. ಕಾಡಿನ ಗಿಣಿಗೆ ದಿನದ ಎಷ್ಟೋ ಗಂಟೆ ಮೇವು ಹುಡುಕೋದ್ರಲ್ಲೇ ಹೋಗುತ್ತೆ. ನಿಮ್ಮದಕ್ಕೆ ಬಟ್ಟಲ ಮುಂದೆ ಹತ್ತು ನಿಮಿಷಕ್ಕೆ ಊಟ ಮುಗೀತು. ಉಳಿದ ಹೊತ್ತಿಗೆ ಕೊಕ್ಕಿಗೆ ಸಿಗೋದು ಅದರ ಎದೆ ಗರಿಯೇ.

ಮುಸುಕಿನ ಜೋಳದ ಸಿಪ್ಪೆ ತಗೊಳ್ಳಿ. ಮೊದಲ ದಿನ ಬಿಡಿಸಿಟ್ಟು, ಮೇಲೆ ನಾಲ್ಕು ಬೀಜ ಕಾಣೋ ಹಾಗೆ ಇಡಿ. ಎರಡು ದಿನ ಬಿಟ್ಟು ಅರ್ಧ ಮಡಚಿ. ಆಮೇಲೆ ಸಿಪ್ಪೆಯದೇ ಎಳೆಯಿಂದ ಗಂಟು ಹಾಕಿ ಪಂಜರಕ್ಕೆ ಕಟ್ಟಿ. ಮೊದಲ ದಿನವೇ ಗಂಟು ಹಾಕಿ ಕೊಟ್ಟು 'ನಮ್ಮ ಗಿಣಿ ದಡ್ಡ' ಅನ್ನೋರು ಬಹಳ ಜನ. ಅಡಿಕೆ ಹಾಳೆ ತಟ್ಟೆಯನ್ನ ತುಂಡು ಮಾಡಿ ತೂತಿನಲ್ಲಿ ಕ್ಯಾರೆಟ್ ಸಿಕ್ಕಿಸಬಹುದು, ಮುತ್ತುಗದೆಲೆ ಪೊಟ್ಟಣವೂ ಆಗುತ್ತೆ. ನಿಮ್ಮೂರಲ್ಲಿ ರೇಷ್ಮೆ ಕಡ್ಡಿಗೆ (ಹಿಪ್ಪುನೇರಳೆ ಕಡ್ಡಿ) ಬರವೇ? ತೋಟದಿಂದ ಹಸಿ ಕಡ್ಡಿ ತನ್ನಿ, ತೊಗಟೆ ಸುಲಿಯೋದ್ರಲ್ಲೇ ಒಂದು ಮಧ್ಯಾಹ್ನ ಕಳೆಯುತ್ತೆ. ಹುಳು ಸಾಯುತ್ತೆ ಅಂತ ಆ ತೋಟಕ್ಕೆ ಔಷಧಿ ಹೊಡೆಯೋಕೆ ರೈತರೇ ಹೆದರ್ತಾರೆ, ಆದ್ರೂ ಕೇಳಿಕೊಂಡೇ ಕೀಳಿ. ಹುಳು ಹಾಸಿಗೆಯಿಂದ ತೆಗೆದ ಕಡ್ಡಿ ಮಾತ್ರ ಬೇಡ, ಮೇಲೆಲ್ಲ ಸುಣ್ಣ, ಪುಡಿ ಇರುತ್ತೆ.

ಸ್ಟೇಪ್ಲರ್ ಪಿನ್ನು, ಹತ್ತಿ ಹಗ್ಗ (ಎಳೆ ಬೆರಳಿಗೆ ಸುತ್ತುತ್ತೆ, ಹೊಟ್ಟೆಗೂ ಹೋಗುತ್ತೆ), ಸತು ಲೇಪದ ತಂತಿ ಯಾವುದೂ ಪಂಜರದೊಳಗೆ ಬರಬಾರದು.

ಊಟಕ್ಕೆ ಬರೋಣ. ಸೂರ್ಯಕಾಂತಿಯಲ್ಲಿ ಕೊಬ್ಬು ಜಾಸ್ತಿ, ಎ ವಿಟಮಿನ್ನೂ ಸುಣ್ಣದ ಅಂಶವೂ ಕಮ್ಮಿ. ಅದೊಂದನ್ನೇ ತಿಂದ ಗಿಣಿಗಳಲ್ಲಿ ಲಿವರ್‌ಗೆ ಕೊಬ್ಬು ಕಟ್ಟಿರೋದನ್ನ ತುಂಬಾ ನೋಡಿದ್ದೀನಿ. ಮುಖ್ಯ ಊಟವಾಗಿ ಒಳ್ಳೇ ಪೆಲೆಟ್ (ಗಿಣಿಗಂತಲೇ ಮಾಡಿದ ಗುಳಿಗೆ ಥರದ ಆಹಾರ) ಇರಲಿ. ಅದರ ಜೊತೆ ಮೊಳಕೆ ಹೆಸರುಕಾಳು, ಸಣ್ಣಗೆ ಹೆಚ್ಚಿದ ನುಗ್ಗೆ ಸೊಪ್ಪು, ಕ್ಯಾರೆಟ್, ಸಿಹಿಗುಂಬಳ. ಕೆಂಪು ಮೆಣಸಿನಕಾಯಿ ಹಾಕಿ ನೋಡಿ, ಹಕ್ಕಿಗೆ ಖಾರ ಗೊತ್ತಾಗಲ್ಲ, ಜಾಮೂನ್ ಥರ ತಿನ್ನುತ್ತೆ! ಅವರೆ ಸೀಸನ್ನಲ್ಲಿ ಹಸಿ ಅವರೆಕಾಳು ಹಾಕಬೇಡಿ. ಚೆನ್ನಾಗಿ ಬೇಯಿಸಿ, ಸಾರಿಗೆ ಉಪ್ಪು ಬೀಳೋ ಮೊದಲೇ ನಾಲ್ಕು ತೆಗೆದಿಡಿ. ಹಸಿ ಮಿಶ್ರಣ ಎರಡು ಗಂಟೆಗಿಂತ ಹೆಚ್ಚು ಪಂಜರದಲ್ಲಿ ಬಿಡಬೇಡಿ, ಬೇಸಿಗೇಲಿ ಅದಕ್ಕೂ ಮೊದಲೇ ಹುಳಿ ಬರುತ್ತೆ. ಬಟರ್ ಫ್ರೂಟ್, ಚಾಕಲೇಟ್, ಕಾಫಿ, ಈರುಳ್ಳಿ ಒಂದು ಚೂರೂ ಬೇಡ. ಬಟರ್ ಫ್ರೂಟ್ ಜೀವ ತೆಗೆಯುತ್ತೆ.

ಸೂರ್ಯಕಾಂತಿಯನ್ನ ಒಂದೇ ದಿನ ನಿಲ್ಲಿಸಬೇಡಿ. ಹೊಸ ಊಟ ಗುರುತೇ ಸಿಗದೆ ಗಿಣಿ ಉಪವಾಸ ಬೀಳುತ್ತೆ. ಅಡುಗೆಮನೆ ಡಿಜಿಟಲ್ ತಕ್ಕಡಿಯಲ್ಲಿ ದಿನಾ ಬೆಳಿಗ್ಗೆ ಊಟಕ್ಕೆ ಮೊದಲು ತೂಗಿ. 120 ಗ್ರಾಂ ಇದ್ದದ್ದು 108ಕ್ಕೆ ಇಳಿದ್ರೆ ಹನ್ನೆರಡು ಗ್ರಾಂ ತಾನೇ ಅನ್ಬೇಡಿ, ತೂಕದಲ್ಲಿ ಹತ್ತನೇ ಒಂದು ಪಾಲು ಹೋದ ಹಾಗೆ, ಜೀವಕ್ಕೇ ಅಪಾಯ. ತಕ್ಷಣ ಹಳೇ ಊಟ ಕೊಟ್ಟು ಡಾಕ್ಟರ್ ಹತ್ರ ಹೋಗಿ. ಹಿಕ್ಕೆ ಕಮ್ಮಿಯಾಗಿ ಕಡುಹಸಿರಾದ್ರೂ ಅಷ್ಟೇ.

ಪ್ರಶ್ನೆ (ಕೋಲಾರದಿಂದ): ನಮ್ಮ ಕಡೆ ಟೊಮೆಟೊ ರಾಶಿ. ಕೊಡಬಹುದಾ ಮೇಡಂ? ಕಡಲೆಕಾಯಿ?

ಡಾಕ್ಟರ್: ಹಣ್ಣಾದ ಟೊಮೆಟೊ ಅಪರೂಪಕ್ಕೆ ಒಂದು ಚೂರು, ಚೆನ್ನಾಗಿ ತೊಳೆದು. ಗಿಡದ ಎಲೆ, ಕಾಂಡ ಬೇಡ. ಕಡಲೆಕಾಯಿಗೆ ತೇವ ತಗುಲಿದ್ರೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಅನ್ನೋ ವಿಷ ಸೇರಿರಬಹುದು, ಹುರಿದ್ರೂ ಪೂರ್ತಿ ಹೋಗಲ್ಲ. ಮನುಷ್ಯರು ತಿನ್ನೋ ಒಳ್ಳೇ ಕಾಯಿ, ವಾರಕ್ಕೆ ಒಂದೆರಡು ಸಾಕು.

ಪ್ರಶ್ನೆ (ಗುಬ್ಬಿಯಿಂದ): ತೆಂಗಿನ ತೋಟದಲ್ಲಿ ಹಸಿರು ಗಿಣಿಮರಿ ಬಿದ್ದಿತ್ತು, ಸಾಕ್ತಿದ್ದೀವಿ. ಇದೇ ಊಟ ಆಗುತ್ತಾ?

ಡಾಕ್ಟರ್: ನಮ್ಮ ನಾಡಿನ ಗಿಣಿ ಸಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ ಕಣ್ರೀ. ಇವತ್ತೇ ಅರಣ್ಯ ಇಲಾಖೆಯವರಿಗೆ ಒಪ್ಪಿಸಿ. ಅಲ್ಲಿಯವರೆಗೆ ಬಾಯಿಗೆ ನೀರು, ಹಾಲು ಹುಯ್ಯಬೇಡಿ, ಬೆಚ್ಚಗಿನ ಡಬ್ಬದಲ್ಲಿ ಇಡಿ.

ಶಿಡ್ಲಘಟ್ಟದಿಂದ, ಮೂರು ವಾರದ ಮೇಲೆ: ಮೇಡಂ, ಹೆಬ್ಬಾಳಕ್ಕೆ ಹೋಗಿ ಬಂದ್ವಿ, ರೋಗ ಏನೂ ಇಲ್ವಂತೆ. ಪೆಲೆಟ್ ಕಂಡ್ರೆ ಇನ್ನೂ ಕೆಳಗೆ ಎಸೆಯುತ್ತೆ. ಜೋಳದ ಸಿಪ್ಪೆ ಗಂಟು ಮಾತ್ರ ಎರಡೇ ನಿಮಿಷಕ್ಕೆ ಬಿಚ್ಚುತ್ತೆ. ಈಗ ಅತ್ತೆಯೇ ಕೂತು ಮೂರು ಗಂಟು ಹಾಕ್ತಾರೆ, ಬಿಚ್ಚಿದ್ರೆ ಬೈತಾರೆ. ಎದೆ ಮೇಲೆ ಮುಳ್ಳು ಥರ ಏನೋ ಬಂದಿದೆ, ಕೀಳಬೇಕಾ?

ಡಾಕ್ಟರ್: ಅಯ್ಯೋ, ಮುಟ್ಟಬೇಡಿ! ಅದು ಹೊಸ ಗರಿ, ಬುಡದಲ್ಲಿ ರಕ್ತ ಇರುತ್ತೆ. ಪೆಲೆಟ್‌ನ ಪುಡಿ ಮಾಡಿ ನುಗ್ಗೆ ಸೊಪ್ಪಿಗೆ ಮೆತ್ತಿ ಕೊಡಿ. ಎಲ್ಲಾ ಹೇಳಿದ್ರಿ, ತೂಕ ಎಷ್ಟು ಅಂತ ಹೇಳಲೇ ಇಲ್ಲ?