ಹೊತ್ತಿದ ಹೂರಣದ ಬೋಗಣಿ ತೊಳಿಯೂ ರೀತಿ

ವೈನಿ, ಫೋಟೊ ನೋಡಿದೆ. ಹೋಳಿಗಿ ಹೂರಣ ಹೊತ್ತಿ ಸ್ಟೀಲ್ ಬೋಗಣಿ ತಳ ಕರ್ರಗ ಆಗ್ಯದ, ತಂತಿ ಬ್ರಶ್ ಹಚ್ಚಲೇನು ಅಂತ ಕೇಳೀರಿ. ಬ್ಯಾಡ್ರಿ. ಗೀರು ಬಿತ್ತಂದ್ರ ಮುಂದಿನ ಸಲ ಬ್ಯಾಳಿ ಅಲ್ಲೇ ಹಿಡೀತದ.

ಮೊದ್ಲು ಬೋಗಣಿ ತಾನೇ ಆರ್ಲಿ. ಕಾದಿದ್ದಕ್ಕ ತಣ್ಣೀರು ಸುರುವಿದ್ರ ತಳ ಡೊಂಕಾಗಿ ಒಲಿ ಮ್ಯಾಲ ಅಲುಗಾಡ್ತದ. ಹೂರಣದಾಗಿನ ಬೆಲ್ಲ ಬಿಸಿನೀರಿಗೇ ಬಿಡ್ತದ, ಸುಟ್ಟ ಬ್ಯಾಳಿ ಬಿಡಂಗಿಲ್ಲ, ಅದಕ್ಕ ಸೋಡಾ ಬೇಕು. ಹೊತ್ತಿದ್ದು ಮುಳುಗಿ ಎರಡು ಬಟ್ಟು ಮ್ಯಾಲ ನಿಲ್ಲೂವಷ್ಟು ನೀರು ಹಾಕ್ರಿ, ಒಂದು ಲೀಟರಿಗಿ 2 ದೊಡ್ಡ ಚಮಚ ತಿನ್ನೂ ಸೋಡಾ. ಅರ್ಧ ಬೋಗಣಿಕಿಂತ ಹೆಚ್ಚ ತುಂಬಬ್ಯಾಡ್ರಿ, ನೊರಿ ಉಕ್ಕಿ ಬರ್ನರ್ ಆರಿಸ್ತದ. ಸಣ್ಣ ಉರಿ ಮ್ಯಾಲ 15 ನಿಮಿಷ ಕುದೀಲಿ. ನೀರು ಚಹಾದ ಬಣ್ಣಕ್ಕ ತಿರುಗಿತಂದ್ರ ಬಿಡ್ಲಿಕ್ಕತ್ಯದ ಅಂತ ತಿಳೀರಿ. ಒಲಿ ಆರಿಸಿ, ಕೈ ತಾಳೂವಷ್ಟು ಬಿಸಿ ಇದ್ದಾಗ್ಲೇ ಕಟ್ಟಿಗಿ ಹುಟ್ಟಿನ ಅಂಚಿಲೆ ಕೆರೀರಿ, ಹಪ್ಪಳದಂಗ ಎದ್ದು ಬರ್ತದ. ಪೂರ್ತಿ ತಣ್ಣಗಾದ್ರ ಮತ್ತ ಬಿಗೀತದ. ಉಳದದ್ದಕ್ಕ ಬಲ ಹಾಕಬ್ಯಾಡ್ರಿ, ನೀರು ಚೆಲ್ಲಿ ಹೊಸಾ ಸೋಡಾ ಹಾಕಿ ಇನ್ನೊಮ್ಮಿ ಕುದಿಸ್ರಿ.

ಸೋಡಾದಾಗೇ ಲಿಂಬಿ ಹಿಂಡ್ರಿ ಅಂತ ನಮ್ಮ ಗ್ರೂಪಿನಾಗ ಯಾರೋ ವಿಡಿಯೊ ಹಾಕ್ಯಾರ. ಬುಸ್ ಅಂತ ನೊರಿ ಬರ್ತದ, ನೋಡ್ಲಿಕ್ಕಿ ಛಂದ, ಅಷ್ಟೇ. ಹುಳಿ ಸೋಡಾನ ಸತ್ವ ಕಳೀತದ, ಸೋಡಾ ಹುಳಿದು. ಲಿಂಬಿ ಕಡೀಕ ಬರ್ಲಿ: ತೊಳದ ಮ್ಯಾಲ ನೀಲಿ-ಹಳದಿ ಕಲಿ, ಬೋರ್ ನೀರಿನ ಬಿಳಿ ಚುಕ್ಕಿ ಉಳದ್ರ ಅರ್ಧ ಹೋಳಿಲೆ ತಿಕ್ಕಿ, ತೊಳದು, ಒರಸಿಡ್ರಿ. ಮತ್ತ ತಣ್ಣೀರಾಗ ಉಪ್ಪು ಹಾಕಿ ರಾತ್ರಿಪೂರ್ತಿ ನೆನಿ ಇಡೂದು ಬ್ಯಾಡ, ಸ್ಟೀಲಿಗಿ ಸಣ್ಣ ಸಣ್ಣ ತೂತು ಬೀಳ್ತಾವ.

ಕಾಕಿ, ನಿಮ್ಮದು ಅಲ್ಯೂಮಿನಿಯಂ ಕುಕ್ಕರ್ ಅಂದ್ರಿ. ಅದಕ್ಕ ಸೋಡಾ ಮುಟ್ಟಿಸಬ್ಯಾಡ್ರಿ, ಲೋಹ ತಿಂದು ಒಳಗ ಕಪ್ಪು ಮಾಡ್ತದ. ಲಿಂಬಿಹಣ್ಣಿನಷ್ಟು ಹುಣಸಿ, ಒಂದು ಲೀಟರ್ ನೀರು, ಮುಚ್ಚಳ ಹಾಕದ 10 ನಿಮಿಷ ಕುದಿಸಿ ಕೆರೀರಿ. ಸೀಟಿ ತೂತಿನಾಗ ಬ್ಯಾಳಿ ಸಿಕ್ಕದೇನು ಬೆಳಕಿಗಿ ಹಿಡದು ನೋಡ್ರಿ, ಅದು ಮುಚ್ಚಿದ್ರ ಅಪಾಯ.

ಕಬ್ಬಿಣದ ರೊಟ್ಟಿ ಹಂಚಿಗಿ ಸೋಡಾ, ಹುಳಿ ಎರಡೂ ಬ್ಯಾಡ, ಹುಳಿ ಹಚ್ಚಿದ್ರ ಜಂಗ್ ಹಿಡೀತದ. ಸಣ್ಣಗ ಕಾಸಿ, ದಪ್ಪ ಉಪ್ಪು ಉದುರಿಸಿ, ಮಡಚಿದ ಹಳೀ ಅರಬಿಲೆ ತಿಕ್ಕಿ ಒರಸಿ, ಎರಡು ಹನಿ ಶೇಂಗಾ ಎಣ್ಣಿ ಸವರ್ರಿ. ಕಲಾಯಿ ಹಾಕಿದ ಹಿತ್ತಾಳಿ ಭಾಂಡೆ ಇದ್ರ ಬರೇ ಬಿಸಿನೀರಾಗ ನೆನಿ ಇಟ್ಟು ಬಟ್ಟಿಲೆ ಒರಸ್ರಿ, ಕೆರದ್ರ ಕಲಾಯಿನೇ ಎದ್ದು ಬರ್ತದ.