ಲೆನ್ಸಿನ ‘ಇಮೇಜ್ ಸ್ಟೆಬಿಲೈಸೇಶನ್’ಗೆ ಏನನ್ನೋಣ? (ಸ್ವಲ್ಪ ಅರ್ಜೆಂಟ್)

ಗೆಳೆಯರೇ,

ಹೊಸದಾಗಿ ಲೆನ್ಸ್ ಕೊಂಡವರಿಗಾಗಿ ನಾಲ್ಕು ಪುಟದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಒಂದೇ ಪದಕ್ಕೆ ಸಿಕ್ಕಿಕೊಂಡಿದ್ದೇನೆ: ‘ಇಮೇಜ್ ಸ್ಟೆಬಿಲೈಸೇಶನ್’, ಅಂದರೆ ಕೈ ಅಲುಗಿದರೂ ಫೋಟೋ ಮಸುಕಾಗದಂತೆ ಲೆನ್ಸೇ ನೋಡಿಕೊಳ್ಳುವುದು. ಕ್ಯಾನನ್ ಇದನ್ನು ಐಎಸ್ ಅನ್ನುತ್ತದೆ, ನಿಕಾನ್ ವಿಆರ್, ಟ್ಯಾಮ್ರಾನ್ ವಿಸಿ. ಹಾಗಾಗಿ ಯಾವುದೋ ಒಂದು ಕಂಪನಿಯ ಅಕ್ಷರ ಇಟ್ಟು ಜಾರಿಕೊಳ್ಳುವ ಹಾಗಿಲ್ಲ. ಸದ್ಯಕ್ಕೆ ಹೀಗೆ ಬರೆದಿದ್ದೇನೆ:

“ಶಟರ್ ಗುಂಡಿಯನ್ನು ಅರ್ಧ ಒತ್ತಿ ಹಿಡಿಯಿರಿ. ಲೆನ್ಸಿನೊಳಗೆ ಸಣ್ಣಗೆ ಗುಂಯ್ ಅನ್ನುತ್ತದೆ. ಕಿಂಡಿಯಲ್ಲಿ ತೂಗಾಡುತ್ತಿದ್ದ ನೋಟ ನಿಲ್ಲುತ್ತದೆ. ಬಿಂಬ ಸ್ಥಿರೀಕರಣ ಶುರುವಾಯಿತು ಎಂದರ್ಥ. ಈಗ ಪೂರ್ತಿ ಒತ್ತಿ.”

ನಾಲ್ಕನೇ ವಾಕ್ಯ ಬರುವವರೆಗೂ ಚೆನ್ನಾಗಿತ್ತು, ಆಮೇಲೆ ಸರ್ಕಾರಿ ಆದೇಶ ಆಯ್ತು ಅಂತ ತಂಗಿ ನಗುತ್ತಿದ್ದಾಳೆ.

* * *

ಕಂಪನತಡೆ. ಮುಗೀತು. ಇದಕ್ಕೆ ಇಷ್ಟು ಯೋಚನೆ ಯಾಕೆ?

* * *

> ಕಂಪನತಡೆ

ಬೇಡ. ಕಂಪನ ಸಂಸ್ಕೃತ, ತಡೆ ಕನ್ನಡ. ಅರಿಸಮಾಸ. 13ನೇ ಶತಮಾನದಲ್ಲೇ ವ್ಯಾಕರಣಕಾರ ಕೇಶಿರಾಜ ಕೂಡದು ಅಂದ ಜೋಡಣೆ ಇದು. ಬಾಲ ಕತ್ತರಿಸಿ ‘ಕಂಪುತಡೆ’ ಮಾಡಲೂ ಆಗದು, ಮೂಗು ಮುಚ್ಚಿಕೊಳ್ಳುವ ಸಾಧನ ಅಂದುಕೊಂಡಾರು.

ಹಳಗನ್ನಡದಲ್ಲಿ ‘ಅದಿರ್’ ಇದೆ, ನಡುಗು ಅಂತ. ತಮಿಳಿನಲ್ಲೂ ಇದೆ. ಈಗಲೂ ತುಟಿ ಅದುರಿತು, ಕಣ್ಣು ಅದುರಿತು ಅನ್ನುತ್ತೇವಲ್ಲ. ‘ಅದುರುತಡೆ’ ಎನ್ನಿ. ಅಂದ ಹಾಗೆ ‘ಲೆನ್ಸ್’ ಯಾಕೆ? ಮಸೂರ ಇಲ್ವಾ?

* * *

ಮಳೆಗಾಲ, ಚಳಿಗಾಲ ಅನ್ನುವಾಗ ಕೇಶಿರಾಜ ನೆನಪಾಗುವುದಿಲ್ಲವೇ? ‘ಕಾಲ’ ಎಲ್ಲಿಂದ ಬಂತು ಸ್ವಾಮಿ? ಇನ್ನು ಮಸೂರ ಕನ್ನಡದ್ದೇ ಅನ್ನುವ ಹಾಗೆ ಬರೆದಿದ್ದೀರಿ. ಅದು ಸಂಸ್ಕೃತದಲ್ಲಿ ಚನ್ನಂಗಿ ಬೇಳೆ. ಲ್ಯಾಟಿನ್ನಿನ ‘ಲೆನ್ಸ್’ ಕೂಡ ಅದೇ ಬೇಳೆ. ಗಾಜಿನ ಆಕಾರ ನೋಡಿ ಇಟ್ಟ ಹೆಸರು. ಬೇಳೆಯನ್ನು ಯಾರ ಮನೆಯಿಂದ ಸಾಲ ತಂದರೇನು?

* * *

ಮೊದಲು ಕೇಳಿದವನು ನಾನೇ. ಬೇಳೆ ಬೇಯುವಷ್ಟರಲ್ಲಿ ನನ್ನ ಗಡುವು ಮುಗಿಯುತ್ತದೆ, ದಯವಿಟ್ಟು ಇತ್ತ ನೋಡಿ.

ತೊಂದರೆ ಸಮಾಸದ್ದಲ್ಲ, ಅರ್ಥದ್ದು. ಲೆನ್ಸಿನೊಳಗಿನ ಗೈರೋ ಸೆನ್ಸರ್‌ಗಳು ಕ್ಯಾಮರಾ ಎತ್ತ ಅಲುಗಿತು ಅಂತ ಅಳೆಯುತ್ತವೆ. ಅದಕ್ಕೆ ತಕ್ಕಂತೆ ಒಂದು ಗಾಜಿನ ಗುಂಪು ಅತ್ತಿತ್ತ ಸರಿದು ನೋಟವನ್ನು ಇದ್ದಲ್ಲೇ ಹಿಡಿಯುತ್ತದೆ. ಅಂದರೆ ಒಳಗೆ ಯಾವುದೂ ‘ಸ್ಥಿರ’ ಇಲ್ಲ! ಸರಿಯಾಗುವುದು ಕೈಯ ಅಲುಗಾಟ ಮಾತ್ರ. 200 ಎಂಎಂ ಲೆನ್ಸನ್ನು ಕೈಯಲ್ಲೇ ಹಿಡಿದರೆ ಸಾಮಾನ್ಯವಾಗಿ ಸೆಕೆಂಡಿನ 200ರಲ್ಲಿ ಒಂದು ಭಾಗದಷ್ಟು ಶಟರ್ ವೇಗ ಬೇಕು. ಲೆನ್ಸಿನಿಂದ ಮೂರು ಸ್ಟಾಪ್ (ಒಂದೊಂದು ಸ್ಟಾಪ್‌ಗೂ ವೇಗ ಅರ್ಧಕ್ಕಿಳಿಸಬಹುದು) ಸಹಾಯ ಸಿಕ್ಕರೆ 25ರಲ್ಲಿ ಒಂದು ಭಾಗಕ್ಕೆ ಇಳಿಯಬಹುದು. ಆದರೆ ಆ ವೇಗದಲ್ಲಿ ಓಡುವ ಮಗು ಮಸುಕಾಗಿಯೇ ಬರುತ್ತದೆ. ಬಿಂಬ ಸ್ಥಿರ ಅಂತ ಓದಿದವರು ಮಗುವೂ ನಿಲ್ಲುತ್ತದೆ ಅಂದುಕೊಂಡು, ಲೆನ್ಸ್ ಕೆಟ್ಟಿದೆ ಅಂತ ವಾಪಸ್ ತರುತ್ತಾರೆ.

ಎರಡನೇ ಪುಟದಲ್ಲಿ “ಟ್ರೈಪಾಡ್ ಮೇಲಿಟ್ಟಾಗ ಇದನ್ನು ಆಫ್ ಮಾಡಿ” ಅಂತಲೂ ಇದೆ. ಹೆಸರಿನಲ್ಲೇ ‘ಕೈ’ ಇದ್ದರೆ ಇದು ತಾನಾಗಿ ಅರ್ಥವಾಗುತ್ತದೆ, ಅಲ್ವಾ? ಜಪಾನಿನವರು ಹಾಗೇ ಮಾಡಿದ್ದಾರೆ. ಅವರು ಅನ್ನುವುದು ‘ತೆಬುರೆ ಹೊಸೇ’. ‘ತೆ’ ಅಂದರೆ ಕೈ, ‘ಬುರೆ’ ಅಲುಗಾಟ, ‘ಹೊಸೇ’ ಸರಿಪಡಿಸುವುದು. ‘ಕೈನಡುಕ ತಡೆ’ ಆಗಬಹುದೇ?

* * *

ಕೈನಡುಕ ಕಾಯಿಲೆ. ವಯಸ್ಸಾದವರು ಕೊಂಡರೆ ಬೇಜಾರು ಮಾಡಿಕೊಳ್ಳುತ್ತಾರೆ.

* * *

ಹಾಗಾದರೆ ‘ಕೈಯದುರುತಡೆ’. ಅಚ್ಚಗನ್ನಡ, ಒಂದೇ ಪದ.

* * *

‘ಕೈಯೆದುರು ತಡೆ’ ಅಂತ ಓದಿಕೊಂಡು ಲೆನ್ಸಿನ ಮುಂದೆ ಬೆರಳು ಅಡ್ಡ ಬಂದಿದೆಯಾ ಅಂತ ಹುಡುಕುತ್ತಾರೆ. ಸುಮ್ನೆ ‘ಸ್ಟೆಬಿಲೈಸರ್’ ಅಂತ ಬಿಡಿ. ಫೋಟೋ ತೆಗೆಯುವವರೆಲ್ಲ ಹಾಗೇ ಅನ್ನೋದು.

* * *

ಅವರು ಅನ್ನೋದನ್ನೇ ಬರೆಯುವುದಾದರೆ ಈ ಕೈಪಿಡಿ ಕನ್ನಡದಲ್ಲಿ ಯಾಕೆ? ಶಟರ್, ಟ್ರೈಪಾಡ್, ಆಫ್, ಈಗ ಇದೂ. ನಮ್ಮದು ಅಂತ ಉಳಿಯುವುದು ‘ಒತ್ತಿ, ಹಿಡಿಯಿರಿ’ ಎರಡೇ.

* * *

ಕ್ರಿಯಾಪದ ನಮ್ಮದಾದರೆ ಸಾಕು. ನಾಮಪದ ಹೋಗುತ್ತೆ, ಬರುತ್ತೆ.

* * *

‘ಕೈ ಅಲುಗಾಟ ತಡೆ’ ಅಂತ ಹಾಕಿ ಅಚ್ಚಿಗೆ ಕಳಿಸಿದೆ. ಮೊದಲ ಸಲ ಬಂದಾಗ ಮಾತ್ರ ಪಕ್ಕದಲ್ಲಿ ಐಎಸ್, ವಿಆರ್, ವಿಸಿ ಅಂತ ಕೊಟ್ಟಿದ್ದೇನೆ, ಲೆನ್ಸಿನ ಮೇಲೆ ಸ್ವಿಚ್ ಹುಡುಕುವವರಿಗೆ. ತಂಗಿ ಈ ಸಲ ನಗಲಿಲ್ಲ. ಲೆನ್ಸ್ ಲೆನ್ಸಾಗಿಯೇ ಉಳಿಯಿತು. ಎಲ್ಲರಿಗೂ ಥ್ಯಾಂಕ್ಸ್.

* * *

ಮೂರು ಬಿಡಿ ಮಾತು ಪಕ್ಕಪಕ್ಕ ನಿಲ್ಲಿಸಿದರೆ ಅದು ಪದವಾಗದು. ನನ್ನ ಒಪ್ಪಿಗೆ ಇಲ್ಲ.

ಅದಿರಲಿ, ಮೊದಲ ಓಲೆಯಲ್ಲಿ ‘ಕಿಂಡಿ’ ಅಂತ ಬರೆದಿದ್ದಿರಲ್ಲ, ವ್ಯೂಫೈಂಡರಿಗೆ ತಾನೇ? ಅದರ ಬಗ್ಗೆ ಯಾರೂ ಜಗಳ ಆಡಲೇ ಇಲ್ಲ. ಚೆನ್ನಾಗಿದೆ.