ಅಮ್ಮನ ಫೋನನ್ನು ಬದಲಿಸಲು ಸರಿಯಾದ ಸಮಯ ಯಾವುದು?

ಪ್ರಶ್ನೆ:
ನಮಸ್ಕಾರ ಸರ್. ನನ್ನ ತಾಯಿಯವರಿಗೆ ಈಗ 67 ವರ್ಷ. ಅವರು ಬಳಸುತ್ತಿರುವ ಆಂಡ್ರಾಯ್ಡ್ ಫೋನನ್ನು ನಾಲ್ಕೂವರೆ ವರ್ಷಗಳ ಹಿಂದೆ ನಾನೇ ಕೊಡಿಸಿದ್ದೆ. 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್ ಇರುವ ಸಾಧಾರಣ ಬೆಲೆಯ ಫೋನ್. ಮೂರು ನಾಲ್ಕು ತಿಂಗಳಿಂದ ಅದು ತೀರಾ ನಿಧಾನವಾಗಿದೆ. ಕರೆ ಬಂದಾಗ ರಿಂಗ್ ಕೇಳಿಸುತ್ತದೆ, ಆದರೆ ಪರದೆಯ ಮೇಲೆ ಹೆಸರು ಮೂಡುವಷ್ಟರಲ್ಲಿ ಕರೆ ಮಾಡಿದವರು ಇಟ್ಟುಬಿಟ್ಟಿರುತ್ತಾರೆ. ಚಾರ್ಜ್ ಶೇ. 30 ಇರುವಾಗಲೇ ವಿಡಿಯೋ ಕರೆಯ ನಡುವೆ ಫೋನ್ ಆರಿಹೋಗುತ್ತದೆ. ಇಷ್ಟಾದರೂ ಅಮ್ಮ "ನನಗೆ ಇದೇ ಸಾಕು, ಸುಮ್ಮನೆ ದುಡ್ಡು ದಂಡ ಮಾಡಬೇಡ" ಎನ್ನುತ್ತಾರೆ. ರಿಯಾಯಿತಿ ಮಾರಾಟದವರೆಗೆ ಕಾಯೋಣ, ಬೆಲೆ ಹೇಗೂ ಇಳಿಯುತ್ತದೆ ಎಂಬುದು ಅಣ್ಣನ ವಾದ. ಈಗಲೇ ಕೊಳ್ಳಬೇಕೇ, ಕಾಯಬೇಕೇ, ಅಥವಾ ಇದು ಪೂರ್ತಿ ಕೆಡುವವರೆಗೆ ಬಳಸಲಿ ಎಂದು ಬಿಡಬೇಕೇ? ನಮ್ಮ ಬಜೆಟ್ ದೊಡ್ಡದಲ್ಲ.

ಉತ್ತರ:
ನಮಸ್ಕಾರ. ಫೋನ್ ರಿಪೇರಿ ಮತ್ತು ಮಾರಾಟ ಎರಡನ್ನೂ ಬಹಳ ವರ್ಷಗಳಿಂದ ಮಾಡಿಕೊಂಡು ಬಂದವನಾಗಿ ಹೇಳುವುದಾದರೆ, ನೀವು ವಿವರಿಸಿರುವುದು ಒಂದು ಕಾಯಿಲೆಯಲ್ಲ, ಎರಡು. ಒಂದು ಬ್ಯಾಟರಿಯದು, ಇನ್ನೊಂದು ಸ್ಟೋರೇಜಿನದು. ಈ ಎರಡಕ್ಕೂ ಹೊಸ ಫೋನೇ ಮದ್ದಾಗಬೇಕಿಲ್ಲ.

ಶೇ. 30 ಚಾರ್ಜ್ ತೋರಿಸುತ್ತಿರುವಾಗಲೇ ಫೋನ್ ಆರುವುದು ಬ್ಯಾಟರಿಗೆ ವಯಸ್ಸಾದ ಲಕ್ಷಣ. ಲಿಥಿಯಂ ಅಯಾನ್ ಬ್ಯಾಟರಿ ಹಳೆಯದಾದಂತೆ ಅದರ ಒಳಗಿನ ರೋಧ ಹೆಚ್ಚುತ್ತದೆ. ವಿಡಿಯೋ ಕರೆಯಲ್ಲಿ ಕ್ಯಾಮೆರಾ, ಪರದೆ, ಪ್ರೊಸೆಸರ್, ನೆಟ್‌ವರ್ಕ್ ನಾಲ್ಕೂ ಒಟ್ಟಿಗೆ ವಿದ್ಯುತ್ ಎಳೆದಾಗ ವೋಲ್ಟೇಜ್ ಒಮ್ಮೆಲೇ ಕುಸಿಯುತ್ತದೆ, ಫೋನ್ ತನ್ನ ರಕ್ಷಣೆಗಾಗಿ ತಾನೇ ಆಫ್ ಆಗುತ್ತದೆ. ಪರದೆಯ ಮೇಲಿನ ಶೇಕಡಾವಾರು ಸಂಖ್ಯೆ ಒಂದು ಅಂದಾಜು ಮಾತ್ರ. ಸುಮಾರು 500 ಪೂರ್ಣ ಚಾರ್ಜ್‌ಗಳ ನಂತರ ಸಾಮರ್ಥ್ಯ ಮೊದಲಿನ ಶೇ. 80ಕ್ಕೆ ಇಳಿಯುವುದು ಇಂತಹ ಬ್ಯಾಟರಿಗಳ ಹಳೆಯ ಲೆಕ್ಕ. ದಿನಕ್ಕೊಮ್ಮೆ ಪೂರ್ತಿ ಚಾರ್ಜ್ ಮಾಡುವವರು ಎರಡು ವರ್ಷದೊಳಗೇ ಆ ಹಂತ ಮುಟ್ಟುತ್ತಾರೆ, ನಿಮ್ಮ ತಾಯಿಯವರ ಫೋನ್ ಅದನ್ನು ದಾಟಿ ಬಹಳ ದೂರ ಬಂದಿದೆ. (ಐರೋಪ್ಯ ಒಕ್ಕೂಟವು 2025ರ ಜೂನ್ 20ರಿಂದ ಅಲ್ಲಿ ಮಾರಾಟಕ್ಕೆ ಬರುವ ಫೋನ್‌ಗಳ ಬ್ಯಾಟರಿ 800 ಚಾರ್ಜ್‌ಗಳ ನಂತರವೂ ಶೇ. 80 ಉಳಿಸಿಕೊಂಡಿರಬೇಕೆಂದು ನಿಯಮ ಮಾಡಿದೆ. ಹೊಸ ಫೋನ್‌ಗಳ ಬ್ಯಾಟರಿ ಹೆಚ್ಚು ಬಾಳಬಹುದೆಂದು ನಾನು ಆಶಿಸಲು ಇದೂ ಒಂದು ಕಾರಣ.)

ಮೊದಲು ಒಂದು ಪರೀಕ್ಷೆಯನ್ನು ಇಂದೇ ಮಾಡಿ. ಕವರ್ ತೆಗೆದು ಫೋನನ್ನು ಸಮತಟ್ಟಾದ ಮೇಜಿನ ಮೇಲೆ ಅಂಗಾತ ಇಡಿ. ಬೆರಳಿನಿಂದ ಒಂದು ಮೂಲೆಯನ್ನು ಮೆಲ್ಲಗೆ ಮುಟ್ಟಿದರೆ ಅದು ಹಿಂದಿಗಿಂತ ಹೆಚ್ಚು ಓಲಾಡುತ್ತದೆಯೇ? ಪರದೆಯ ಅಂಚಿಗೂ ಚೌಕಟ್ಟಿಗೂ ನಡುವೆ ಉಗುರು ತೂರುವಷ್ಟು ಸಂದು ಬಿದ್ದಿದೆಯೇ? ಹಾಗಿದ್ದರೆ ಬ್ಯಾಟರಿ ಉಬ್ಬಿದೆ ಎಂದರ್ಥ. ಚಾರ್ಜ್ ಮಾಡುವುದನ್ನು ತಕ್ಷಣ ನಿಲ್ಲಿಸಿ, ಅದನ್ನು ಒತ್ತಿ ಸರಿಮಾಡಲು ಹೋಗದೆ ನೇರವಾಗಿ ಸರ್ವಿಸ್ ಸೆಂಟರಿಗೆ ಒಯ್ಯಿರಿ. ಉಬ್ಬಿದ ಬ್ಯಾಟರಿ ಇರುವಾಗ ರಿಯಾಯಿತಿಗೆ ಕಾಯುವ ಮಾತೇ ಇಲ್ಲ.

ಇನ್ನು ನಿಧಾನದ ವಿಷಯ. ಫೋನಿನ ಫ್ಲ್ಯಾಶ್ ಸ್ಟೋರೇಜ್ ತುಂಬುತ್ತಾ ಬಂದಂತೆ, ಹೊಸದೇನನ್ನಾದರೂ ಬರೆಯುವ ಮುನ್ನ ಅದು ಹಳೆಯ ಮಾಹಿತಿಯನ್ನು ಸರಿಸಿ, ಅಳಿಸಿ ಜಾಗ ಮಾಡಿಕೊಳ್ಳಬೇಕಾಗುತ್ತದೆ. ಕಡಿಮೆ ಬೆಲೆಯ ಫೋನ್‌ಗಳಲ್ಲಿ ಸಾಮಾನ್ಯವಾಗಿರುವ ಇಎಂಎಂಸಿ ಬಗೆಯ ಸ್ಟೋರೇಜ್ ಮೊದಲೇ ನಿಧಾನ, ತುಂಬಿದ ಮೇಲಂತೂ ಕೇಳುವುದೇ ಬೇಡ. ಕಳೆದ ತಿಂಗಳು ಇಂಥದ್ದೇ ದೂರಿನೊಂದಿಗೆ ಹಿರಿಯರೊಬ್ಬರ ಫೋನ್ ನನ್ನ ಮೇಜಿಗೆ ಬಂದಿತ್ತು. 64 ಜಿಬಿಯಲ್ಲಿ 1 ಜಿಬಿಯೂ ಖಾಲಿ ಇರಲಿಲ್ಲ. ವಾಟ್ಸಾಪ್‌ನ ಸೆಟ್ಟಿಂಗ್ಸ್‌ನಲ್ಲಿ 'ಸ್ಟೋರೇಜ್ ಆ್ಯಂಡ್ ಡೇಟಾ' ತೆರೆದು, ಅದರೊಳಗಿನ 'ಮ್ಯಾನೇಜ್ ಸ್ಟೋರೇಜ್'ಗೆ ಹೋದರೆ, ಶುಭೋದಯದ ಚಿತ್ರಗಳೂ ಯಾರೋ ಯಾರಿಗೋ ಕಳುಹಿಸಿದ ವಿಡಿಯೋಗಳೂ ರಾಶಿ ಬಿದ್ದಿದ್ದವು. ಅವುಗಳನ್ನು ಅಳಿಸಿದ ಮೇಲೆ ಕರೆ ಬಂದ ಕ್ಷಣವೇ ಹೆಸರು ಮೂಡತೊಡಗಿತು. ಆದರೆ ನಾನು ಒಬ್ಬನೇ ಕುಳಿತು ಅಳಿಸಲಿಲ್ಲ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದೆ. ಆ ರಾಶಿಯ ನಡುವೆಯೇ ತೀರಿಕೊಂಡ ತಮ್ಮನ ಏಕೈಕ ಧ್ವನಿ ಸಂದೇಶ ಇದೆಯೆಂದು ಅವರಲ್ಲದೆ ಇನ್ನಾರು ಹೇಳಬೇಕಿತ್ತು? ನೀವೂ ತಾಯಿಯವರ ಜೊತೆ ಕುಳಿತೇ ಈ ಕೆಲಸ ಮಾಡಿ.

ಹಾಗಾದರೆ ಹೊಸ ಫೋನ್ ಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವುದು ಯಾವುದು? ನನ್ನ ಮಟ್ಟಿಗೆ ಅದು ಒಂದು ದಿನಾಂಕ. ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಫೋನ್' ತೆರೆದು, ಆಂಡ್ರಾಯ್ಡ್ ಆವೃತ್ತಿಯ ವಿವರದಲ್ಲಿ ಕೊನೆಯ ಭದ್ರತಾ ಅಪ್‌ಡೇಟ್ (ಫೋನಿನ ಸುರಕ್ಷತಾ ಲೋಪಗಳನ್ನು ಮುಚ್ಚಲು ಕಂಪನಿ ಕಳುಹಿಸುವ ತಿದ್ದುಪಡಿ) ಯಾವಾಗಿನದೆಂದು ನೋಡಿ. ಅದು ಕೆಲವೇ ತಿಂಗಳ ಹಿಂದಿನದಾದರೆ, ಬ್ಯಾಟರಿ ಬದಲಿಸಿ ಸ್ಟೋರೇಜ್ ಖಾಲಿ ಮಾಡಿಕೊಂಡು ಇನ್ನೂ ಒಂದು ವರ್ಷ ಧಾರಾಳವಾಗಿ ಬಳಸಬಹುದು. ಒಂದು ವರ್ಷಕ್ಕಿಂತ ಹಳೆಯದಾಗಿದ್ದು, ತಾಯಿಯವರು ಅದೇ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ಬಳಸುತ್ತಿದ್ದರೆ ಹೊಸದನ್ನು ಕೊಳ್ಳಬೇಕು. "ವಾಟ್ಸಾಪ್ ನಡೆಯುತ್ತಿದೆಯಲ್ಲ" ಎಂದು ಅನೇಕರು ಸಮಾಧಾನಪಟ್ಟುಕೊಳ್ಳುತ್ತಾರೆ. 2014ರಲ್ಲಿ ಬಂದ ಆಂಡ್ರಾಯ್ಡ್ 5.0 ಆವೃತ್ತಿಯ ಮೇಲೂ 2025ರಲ್ಲಿ ವಾಟ್ಸಾಪ್ ನಡೆಯುತ್ತಿತ್ತು, ಆದ್ದರಿಂದ ಅದು ಸುರಕ್ಷತೆಯ ಅಳತೆಗೋಲಾಗಲಾರದು. ನಿಮ್ಮ ಮೊಬೈಲ್ ಸೇವಾ ಕಂಪನಿ ಹಳೆಯ ಜಾಲವನ್ನು ನಿಲ್ಲಿಸುವ ಸೂಚನೆ ಕೊಟ್ಟಿದೆಯೇ ಎಂಬುದನ್ನೂ ಒಮ್ಮೆ ವಿಚಾರಿಸಿ. ಆಸ್ಟ್ರೇಲಿಯಾದಲ್ಲಿ 2024ರ ಅಕ್ಟೋಬರ್‌ನಲ್ಲಿ 3ಜಿ ನಿಂತಾಗ, 4ಜಿ ಸೌಲಭ್ಯವಿದ್ದೂ ತುರ್ತು ಕರೆಗೆ ಮಾತ್ರ 3ಜಿಯನ್ನು ನೆಚ್ಚಿಕೊಂಡಿದ್ದ ಫೋನ್‌ಗಳನ್ನು ಜಾಲದಿಂದಲೇ ಹೊರಗಿಡಲಾಯಿತು.

ನಿಮ್ಮ ಅಣ್ಣನವರ ವಾದಕ್ಕೆ ಬರುತ್ತೇನೆ. ಫೋನ್ ಬಿಡುಗಡೆಯಾದ ಕೆಲವು ತಿಂಗಳಲ್ಲಿ ಬೆಲೆ ಇಳಿಯುತ್ತದೆ ಎಂಬುದು ಅನುಭವದ ಮಾತೇ. ಆದರೆ ಭದ್ರತಾ ಅಪ್‌ಡೇಟ್‌ಗಳ ಅವಧಿಯನ್ನು ಸಾಮಾನ್ಯವಾಗಿ ಆ ಮಾದರಿ ಬಿಡುಗಡೆಯಾದ ದಿನದಿಂದ ಎಣಿಸುತ್ತಾರೆಯೇ ಹೊರತು ನೀವು ಕೊಂಡ ದಿನದಿಂದಲ್ಲ. ನಾಲ್ಕು ವರ್ಷದ ಭರವಸೆಯ ಫೋನನ್ನು, ಅದು ಬಂದ ಎರಡು ವರ್ಷಗಳ ನಂತರ ರಿಯಾಯಿತಿಯಲ್ಲಿ ಕೊಂಡರೆ ಕೈಗೆ ಬರುವುದು ಎರಡು ವರ್ಷದ ಫೋನ್ ಮಾತ್ರ. ಹೀಗಾಗಿ ಬೆಲೆಯನ್ನು ಉಳಿದಿರುವ ವರ್ಷಗಳಿಂದ ಭಾಗಿಸಿ ನೋಡುವುದು ನನ್ನ ರೂಢಿ. 2024ರ ಕೊನೆಯಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ16 5ಜಿ ಸಾಧಾರಣ ಬೆಲೆಯದ್ದಾದರೂ ಅದಕ್ಕೆ ಆರು ವರ್ಷಗಳ ಭದ್ರತಾ ಅಪ್‌ಡೇಟ್ ಘೋಷಣೆಯಾಗಿದೆ. ಅದರ ಆಸುಪಾಸಿನ ಬೆಲೆಯಲ್ಲಿ ಅದರ ಅರ್ಧದಷ್ಟು ಅವಧಿಯನ್ನೂ ಹೇಳದ ಫೋನ್‌ಗಳಿವೆ. ಅದಲ್ಲದೆ, 2025ರ ಕೊನೆಯ ಭಾಗದಲ್ಲಿ ಮೆಮೊರಿ ಚಿಪ್‌ಗಳ ಬೆಲೆ ತೀವ್ರವಾಗಿ ಏರಿತು. ಎಐ ಡೇಟಾ ಸೆಂಟರ್‌ಗಳ ಬೇಡಿಕೆ ಅದಕ್ಕೆ ಮುಖ್ಯ ಕಾರಣ. ಇಂತಹ ಏರಿಕೆಯ ಪೆಟ್ಟು ಲಾಭದ ಅಂತರ ಕಡಿಮೆಯಿರುವ ಅಗ್ಗದ ಫೋನ್‌ಗಳಿಗೇ ಮೊದಲು ತಟ್ಟುವುದರಿಂದ, ಕಾದವರಿಗೆಲ್ಲ ಬೆಲೆ ಇಳಿದು ಸಿಗುತ್ತದೆಂಬ ಖಾತ್ರಿಯಿಲ್ಲ. ದಿನಾಂಕ ಗೊತ್ತಿರುವ ಮಾರಾಟ ಒಂದು ತಿಂಗಳೊಳಗಿದ್ದರೆ ಕಾಯಿರಿ, ಅದಕ್ಕಿಂತ ದೂರವಿದ್ದರೆ ಬೇಡ.

ಪೂರ್ತಿ ಕೆಡುವವರೆಗೆ ಬಿಡುವುದನ್ನಂತೂ ನಾನು ಒಪ್ಪುವುದಿಲ್ಲ. ವಾಟ್ಸಾಪ್ ಮಾತುಕತೆಗಳನ್ನು ಕ್ಯೂಆರ್ ಕೋಡ್ ಮೂಲಕ ನೇರವಾಗಿ ವರ್ಗಾಯಿಸಲು ಎರಡೂ ಫೋನ್‌ಗಳು ಜೀವಂತವಾಗಿರಬೇಕು. ಬ್ಯಾಂಕಿನ ಆ್ಯಪ್ ಅನ್ನು ಹೊಸದಾಗಿ ನೋಂದಾಯಿಸಬೇಕು, ಎಂದೋ ಇಟ್ಟ ಆರಂಕಿಯ ಪಿನ್ ನೆನಪಿಸಿಕೊಳ್ಳಬೇಕು, ಫೋನಿನಲ್ಲಷ್ಟೇ ಉಳಿಸಿದ ನಂಬರ್‌ಗಳನ್ನು ಗೂಗಲ್ ಖಾತೆಗೆ ಸೇರಿಸಬೇಕು. ಹಳೆಯದು ಕಣ್ಣುಮುಚ್ಚಿದ ಮೇಲೆ ಇವನ್ನೆಲ್ಲ ಮಾಡಲು ನಮ್ಮ ಬಳಿ ಬರುವವರ ಪಾಡು ನೋಡಲಾಗದು. ಆದ್ದರಿಂದ ನೀವು ಮಾರಾಟದ ದಿನಾಂಕಕ್ಕಿಂತ ಮುಖ್ಯವಾಗಿ ನಿಮ್ಮ ರಜೆಯ ದಿನಾಂಕ ನೋಡಿ. ನಾಲ್ಕೈದು ದಿನ ತಾಯಿಯವರ ಜೊತೆ ಇರಲು ಸಾಧ್ಯವಾಗುವ ವಾರವೇ ಫೋನ್ ಕೊಳ್ಳಲು ಯೋಗ್ಯವಾದ ವಾರ. ಅವರು ಪ್ರಯಾಣ ಹೊರಡುವ ಹಿಂದಿನ ದಿನ ಹೊಸ ಫೋನ್ ಕೈಗಿಡಬೇಡಿ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ ಅದು ಮುಗಿದು ದೃಷ್ಟಿ ಸ್ಥಿರವಾದ ಮೇಲೆ ಪರದೆಯ ಗಾತ್ರ ಆರಿಸಿ.

ಮರುಪ್ರಶ್ನೆ:
ವಿವರವಾದ ಉತ್ತರಕ್ಕೆ ಧನ್ಯವಾದಗಳು ಸರ್. ಬ್ಯಾಟರಿ ಉಬ್ಬಿಲ್ಲ. ಆದರೆ ಕೊನೆಯ ಭದ್ರತಾ ಅಪ್‌ಡೇಟ್ ಎರಡು ವರ್ಷಕ್ಕೂ ಹಿಂದಿನದು, ಮತ್ತು ಅಮ್ಮ ಬ್ಯಾಂಕಿನ ಆ್ಯಪ್ ಬಳಸುತ್ತಾರೆ. ಹೊಸದನ್ನು ಆರಿಸುವಾಗ ಏನೇನು ನೋಡಬೇಕು? ಅವರ ಬೆರಳುಗಳು ಒಣಗಿರುವುದರಿಂದ ಪರದೆ ಹಲವು ಬಾರಿ ಸ್ಪರ್ಶವನ್ನೇ ಗುರುತಿಸುವುದಿಲ್ಲ. ಒಂದು ಕಿವಿಗೆ ಶ್ರವಣ ಸಾಧನವನ್ನೂ ಹಾಕುತ್ತಾರೆ.

ಉತ್ತರ:
ಹಾಗಿದ್ದರೆ ತೀರ್ಮಾನ ಸುಲಭ. ಬ್ಯಾಟರಿಗೆ ಹಣ ಹಾಕಬೇಡಿ, ನಿಮ್ಮ ಮುಂದಿನ ರಜೆಯಲ್ಲಿ ಹೊಸ ಫೋನ್ ಕೊಳ್ಳಿ, ಅಲ್ಲಿಯವರೆಗೆ ಸ್ಟೋರೇಜ್ ಖಾಲಿ ಮಾಡಿಕೊಂಡು ದೂಡಿ.

ಸಾಧ್ಯವಾದರೆ ಈಗಿರುವ ಕಂಪನಿಯ ಫೋನನ್ನೇ ಆರಿಸಿ. ಕರೆ ಸ್ವೀಕರಿಸುವ ಪರದೆ, ಸೆಟ್ಟಿಂಗ್ಸ್‌ನ ಜೋಡಣೆ ಅವರ ಕೈಗೆ ಪರಿಚಿತವಾಗಿರುತ್ತದೆ. 6 ಜಿಬಿ ರ‍್ಯಾಮ್, 128 ಜಿಬಿ ಸ್ಟೋರೇಜ್ ಇರಲಿ. ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾದ 'ವರ್ಚುವಲ್ ರ‍್ಯಾಮ್' ಎಂಬುದು ಸ್ಟೋರೇಜಿನಿಂದ ಕಡ ಪಡೆದ ಜಾಗವಾದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸ್ಟೋರೇಜ್ ಇಎಂಎಂಸಿಗಿಂತ ವೇಗವಾದ ಯುಎಫ್‌ಎಸ್ ಬಗೆಯದೇ ಎಂದು ಕೇಳಿ ನೋಡಿ. ಹಿಂಬದಿಯಲ್ಲಿ ಮೂರು ಕ್ಯಾಮೆರಾ ಕಂಡರೂ 2 ಮೆಗಾಪಿಕ್ಸೆಲ್‌ನ ಮ್ಯಾಕ್ರೋ, ಡೆಪ್ತ್ ಕ್ಯಾಮೆರಾಗಳು ಹೆಚ್ಚುಕಡಿಮೆ ಅಲಂಕಾರಕ್ಕೆ ಇರುವಂಥವು.

ಒಣ ಬೆರಳಿನ ಸಮಸ್ಯೆ ಹಿರಿಯರಲ್ಲಿ ಬಹಳ ಸಾಮಾನ್ಯ. ಪರದೆ ಸ್ಪರ್ಶವನ್ನು ಗುರುತಿಸುವುದು ಚರ್ಮದ ವಿದ್ಯುತ್ ಗುಣದಿಂದ, ತೇವ ಕಡಿಮೆಯಾದರೆ ಸಂಕೇತವೂ ಕ್ಷೀಣವಾಗುತ್ತದೆ. ಹಲವು ಫೋನ್‌ಗಳಲ್ಲಿ 'ಟಚ್ ಸೆನ್ಸಿಟಿವಿಟಿ' ಹೆಚ್ಚಿಸುವ ಆಯ್ಕೆಯಿರುತ್ತದೆ, ಅದನ್ನು ಆನ್ ಮಾಡಿ. ದಪ್ಪ ಗಾಜಿನ ಸ್ಕ್ರೀನ್ ಗಾರ್ಡ್ ಬೇಡ. ಬೆರಳಚ್ಚಿಗೆ ಒಂದೇ ಹೆಬ್ಬೆರಳನ್ನು ಎರಡು ಬಾರಿ ನೋಂದಾಯಿಸಿದರೆ ಗುರುತಿಸುವ ಸಂಭವ ಹೆಚ್ಚುತ್ತದೆ. ಬೆರಳನ್ನು ನಿಧಾನವಾಗಿ ಎತ್ತುವವರಿಗೆ ಸಾಧಾರಣ ಒತ್ತುವಿಕೆಯೂ ದೀರ್ಘ ಒತ್ತುವಿಕೆಯಾಗಿ ಐಕಾನ್‌ಗಳು ಸ್ಥಳ ಬದಲಿಸುತ್ತವೆ. 'ಆ್ಯಪ್ ತಾನಾಗಿಯೇ ಮಾಯವಾಯಿತು' ಎಂಬ ದೂರಿನ ಮೂಲ ಅನೇಕ ಸಲ ಇದೇ. ಆಕ್ಸೆಸಿಬಿಲಿಟಿ ಸೆಟ್ಟಿಂಗ್ಸ್‌ನಲ್ಲಿ ಒತ್ತುವಿಕೆಯ ಅವಧಿಯನ್ನು ಹೆಚ್ಚಿಸಿಡಿ. ಶ್ರವಣ ಸಾಧನದ ವಿಷಯದಲ್ಲಿ ಮಾತ್ರ ಊಹೆ ಬೇಡ. ಅದು ಬ್ಲೂಟೂತ್ ಇರುವಂಥದ್ದಾದರೆ, ಅದರ ತಯಾರಕರು ಪ್ರಕಟಿಸಿರುವ ಹೊಂದಾಣಿಕೆಯ ಪಟ್ಟಿಯಲ್ಲಿ ನೀವು ಆರಿಸಿದ ಮಾದರಿ ಇದೆಯೇ ಎಂದು ಹಣ ಕೊಡುವ ಮುನ್ನವೇ ನೋಡಿ.

ಕೊನೆಯದಾಗಿ, ಹೊಸ ಫೋನ್‌ಗಳು ಹೆಚ್ಚಾಗಿ, ಪರದೆಯ ಅಂಚಿನಿಂದ ಬೆರಳು ಸರಿಸುವ ಸನ್ನೆಗಳಿಂದ ನಡೆಯುವಂತೆ ಬರುತ್ತವೆ. ಪರದೆಯ ಕೆಳಗೆ 'ಹಿಂದೆ', 'ಹೋಮ್' ಗುಂಡಿಗಳು ಕಾಣದಿದ್ದಾಗ ಹಿರಿಯರು ಫೋನನ್ನೇ ಪಕ್ಕಕ್ಕಿಡುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಮೂರು ಗುಂಡಿಗಳ ವಿಧಾನಕ್ಕೆ ಬದಲಿಸಿ. ಹಳೆಯ ಫೋನಿನ ಹೋಮ್ ಪರದೆಯ ಚಿತ್ರ ತೆಗೆದಿಟ್ಟುಕೊಂಡು, ಹೊಸದರಲ್ಲಿಯೂ ಐಕಾನ್‌ಗಳನ್ನು ಅದೇ ಸಾಲಿನಲ್ಲಿ, ಅದೇ ಮೂಲೆಯಲ್ಲಿ ಜೋಡಿಸಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ:
ಸರ್, ನಾನು ಹೊಸ ಫೋನ್ ತೆಗೆದುಕೊಂಡು, ನನ್ನ ಎರಡು ವರ್ಷದ ದುಬಾರಿ ಫೋನನ್ನು ತಂದೆಯವರಿಗೆ ಕೊಟ್ಟರೆ ಹೇಗೆ?

ಉತ್ತರ:
ಹೊಸದಾದ ಅತ್ಯಗ್ಗದ ಫೋನಿಗಿಂತ ಅದು ಎಷ್ಟೋ ಸಲ ಮೇಲು, ಅಪ್‌ಡೇಟ್ ಅವಧಿ ಉಳಿದಿದ್ದರೆ. ಉದಾಹರಣೆಗೆ 2023ರ ಅಕ್ಟೋಬರ್‌ನಲ್ಲಿ ಬಂದ ಗೂಗಲ್‌ನ ಪಿಕ್ಸೆಲ್ 8 ಫೋನಿಗೆ ಏಳು ವರ್ಷಗಳ ಅಪ್‌ಡೇಟ್ ಭರವಸೆಯಿದೆ. ಬ್ಯಾಟರಿ ಸೋತಿದ್ದರೆ ಬದಲಿಸಿಯೇ ಕೊಡಿ. ರಿಸೆಟ್ ಮಾಡುವ ಮುನ್ನ ನಿಮ್ಮ ಖಾತೆಯನ್ನು ಸೆಟ್ಟಿಂಗ್ಸ್‌ನಿಂದ ತೆಗೆಯುವುದನ್ನು ಮರೆತರೆ ಫೋನ್ ನಿಮ್ಮ ಪಾಸ್‌ವರ್ಡ್ ಕೇಳುತ್ತಾ ಕೂರಬಹುದು. ತೂಕವನ್ನೂ ಗಮನಿಸಿ. ದುಬಾರಿ ಫೋನ್‌ಗಳು ಭಾರವಾಗಿರುತ್ತವೆ, ಕೈ ನಡುಗುವವರಿಗೆ ಅದು ಸಣ್ಣ ವಿಷಯವಲ್ಲ.

ಮೊದಲ ಸದಸ್ಯರ ಕೊನೆಯ ಪ್ರಶ್ನೆ:
ಸರ್, ಎಲ್ಲವೂ ಸರಿ, ಆದರೆ ಅಮ್ಮ ಬೇಡವೆನ್ನುವುದನ್ನು ಏನು ಮಾಡಲಿ? ಹೇಳದೆ ತಂದುಬಿಡಲೇ?

ಉತ್ತರ:
ಹೇಳದೆ ತರಬೇಡಿ. ದುಡ್ಡು ಎಂದು ಅವರು ಹೇಳುತ್ತಿದ್ದರೂ, ಕಷ್ಟಪಟ್ಟು ಕಲಿತದ್ದೆಲ್ಲ ಕೈತಪ್ಪುತ್ತದೆಂಬ ಅಳುಕು ಅದರ ಹಿಂದೆ ಇರುವುದನ್ನು ನಾನು ಕೌಂಟರಿನಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಅಂಗಡಿಗೆ ಅವರನ್ನೇ ಕರೆದೊಯ್ದು ಕೈಗೆ ಕೊಟ್ಟು ನೋಡಿ. ಸ್ಪೀಕರಿನ ಸದ್ದು ಸಾಕೇ, ಅಕ್ಷರ ಓದಬಹುದೇ ಎಂದು ಅವರೇ ಹೇಳಲಿ. ಸಿಮ್ ಹೊಸದಕ್ಕೆ ಹೋದ ಮೇಲೂ ಹಳೆಯ ಫೋನನ್ನು ಕಿತ್ತುಕೊಳ್ಳಬೇಡಿ. ಅದರಿಂದ ಬ್ಯಾಂಕಿನ ಆ್ಯಪ್ ತೆಗೆದು, ವೈಫೈನಲ್ಲಿ ಫೋಟೋ ನೋಡಲು ಒಂದು ತಿಂಗಳು ಅವರ ಬಳಿಯೇ ಬಿಡಿ. ಚಾರ್ಜ್ ಇಲ್ಲದೆ ಅದು ಮೂಲೆಯಲ್ಲಿ ಬಿದ್ದಿರುವುದು ನಿಮ್ಮ ಕಣ್ಣಿಗೆ ಬಿದ್ದ ದಿನ, ಅವರನ್ನು ಒಂದು ಮಾತು ಕೇಳಿ ರಿಸೆಟ್ ಮಾಡಿ.